ನೆಲವು ಕೊಟ್ಟಷ್ಟೇ ಹಿಡಿತ

ಮೃಗಶಿರಾ ನಕ್ಷತ್ರದ ಮಳೆಯು ಗೋವೆಯ ಕಡೆಯಿಂದ ಘಟ್ಟವನ್ನೇರಿ, ಮೊದಲು ಕ್ಯಾಸಲ್‌ರಾಕ್ ಹಾಗೂ ಜೋಯಿಡಾದ ಅರಣ್ಯಗಳ ಮೇಲೂ, ತರುವಾಯ ದಾಂಡೇಲಿ ಹಳಿಯಾಳಗಳ ಮೇಲೂ, ಕಡೆಯಲ್ಲಿ ತನ್ನ ರಭಸವನ್ನು ಬಹುಮಟ್ಟಿಗೆ ಕಳೆದುಕೊಂಡು ಮುಂಡಗೋಡದ ಕೆರೆಬಯಲುಗಳ ಮೇಲೂ ಸುರಿಯತೊಡಗಿತೆಂದರೆ, ನಿನ್ನೆಯವರೆಗೆ ನೇಗಿಲಿನ ಕುಳಕ್ಕೂ ಮಣಿಯದಿದ್ದ ನೆಲವು ಕೆಲವೇ ದಿನಗಳಲ್ಲಿ ಕಾಲಿಟ್ಟಲ್ಲಿ ಕುಸಿಯುವ ಕೆಸರಾಗಿ ಪರಿಣಮಿಸುತ್ತದೆ. ವರ್ಷದ ಅತ್ಯಂತ ಭಾರವಾದ ದುಡಿಮೆಯು, ನೆಲದಲ್ಲಿ ಬಲವೇ ಇಲ್ಲದ ಈ ಕಾಲದಲ್ಲಿಯೇ ನಡೆಯಬೇಕಾಗಿರುವುದು ಇಲ್ಲಿನ ಒಕ್ಕಲುತನದ ದೊಡ್ಡ ಸಂಕಟ. ಐವತ್ತು ಅಶ್ವಶಕ್ತಿಯ ಟ್ರ್ಯಾಕ್ಟರೊಂದು ಗದ್ದೆಯ ನಡುವೆ ಹೊಗೆಯುಗುಳುತ್ತ, ಹಿಂದಿನ ಗಾಲಿಗಳನ್ನು ನಿಂತಲ್ಲಿಯೇ ತಿರುಗಿಸುತ್ತ, ಅಂಗುಲ ಅಂಗುಲವಾಗಿ ಹೂತುಹೋಗುವ ದೃಶ್ಯವನ್ನು ಹಳಿಯಾಳದ ಸೀಮೆಯಲ್ಲಿ ಕಾಣದವರಿಲ್ಲ. “ಗಾಲಿ ತಿರಗತೈತಿ, ಗಾಡಿ ಮುಂದ ಹೋಗವಲ್ದು” ಎಂದು ಚಾಲಕನು ಕೆಳಗಿಳಿದು ನಿಲ್ಲುತ್ತಾನೆ. ಎಂಜಿನ್ನಿನಲ್ಲಿ ಶಕ್ತಿಗೆ ಕೊರತೆಯಿಲ್ಲ, ಡೀಸೆಲ್ ಉರಿಯುತ್ತಲೇ ಇದೆ. ಆದರೂ ಆ ಶಕ್ತಿಯನ್ನು ಊರಿ ನಿಲ್ಲಿಸುವ ನೆಲೆಯು ಗಾಲಿಯ ಕೆಳಗೆ ಇಲ್ಲ. ಶಕ್ತಿಯು ಯಂತ್ರದ್ದು, ಹಿಡಿತವು ಮಣ್ಣಿನದು. ಆದುದರಿಂದ ಗಾಲಿಯನ್ನು ತಿದ್ದಹೊರಡುವವನು ಗಾಲಿಗಿಂತ ಮೊದಲು ಮಣ್ಣನ್ನು ತಿಳಿದಿರಬೇಕೆಂಬುದನ್ನು ನಮ್ಮ ಹಳ್ಳಿಗಳ ವೆಲ್ಡಿಂಗ್ ಅಂಗಡಿಗಳು ಅನುಭವದಿಂದ ಬಲ್ಲವು. ನಮ್ಮ ಕೃಷಿಶಿಕ್ಷಣವು ಮಾತ್ರ ಅದಕ್ಕೆ ತಕ್ಕ ಮಾನ್ಯತೆಯನ್ನು ಇನ್ನೂ ಕೊಟ್ಟಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಯಂತ್ರಗಳು ಬರುವುದಕ್ಕೆ ಮುನ್ನ ಈ ಸಮಸ್ಯೆಗೆ ಪರಿಹಾರವನ್ನು ಪ್ರಕೃತಿಯೇ ಪಶುಗಳ ಪಾದದಲ್ಲಿ ಇರಿಸಿತ್ತು. ಎತ್ತಿನ ಗೊರಸು ಎರಡಾಗಿ ಸೀಳಿದೆ. ಕೆಸರಿನಲ್ಲಿ ಊರಿದಾಗ ಎರಡು ಹೋಳುಗಳೂ ಅಗಲಗೊಂಡು ಭಾರವನ್ನು ಹರಡುತ್ತವೆ, ಎತ್ತಿದಾಗ ಒಂದುಗೂಡಿ ಕಿರಿದಾಗುವುದರಿಂದ ಕೆಸರು ಕಾಲನ್ನು ಹೀರಿ ಹಿಡಿಯಲಾರದು. ಕೋಣನ ಗೊರಸು ಇನ್ನೂ ಅಗಲ. ನೀರು ನಿಲ್ಲುವ ತಗ್ಗಿನ ಗದ್ದೆಗಳಿಗೆ ಕೋಣಗಳನ್ನೂ, ಗಟ್ಟಿ ನೆಲಕ್ಕೂ ಚಕ್ಕಡಿಗೂ ಎತ್ತುಗಳನ್ನೂ ಹೂಡುತ್ತಿದ್ದ ಹಿರಿಯರ ವಿವೇಕದ ಹಿಂದೆ ಇದೊಂದು ಕಾರಣವೂ ಇದ್ದಿರಲೇಬೇಕು. ಉಳವಿಯ ಚನ್ನಬಸವೇಶ್ವರನ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಗಳಿಂದ ಕಾಡುದಾರಿ ಹಿಡಿದು ಬರುವ ಚಕ್ಕಡಿಗಳ ಎತ್ತುಗಳಿಗೆ ಲಾಳ ಹೊಡೆಸಿರುತ್ತಾರೆ. ಕಲ್ಲುದಾರಿಯ ಸವೆತದಿಂದ ಗೊರಸನ್ನು ಕಾಯುವ ಆ ಲಾಳವೇ ನುಣುಪಾದ ಡಾಂಬರಿನ ಇಳಿಜಾರಿನಲ್ಲಿ ಜಾರುವುದಕ್ಕೂ ಕಾರಣವಾಗುತ್ತದೆ. ಒಂದು ನೆಲಕ್ಕೆ ಒದಗಿದ ಉಪಾಯವು ಮತ್ತೊಂದು ನೆಲದಲ್ಲಿ ಅಪಾಯವಾಗುವ ಈ ಸಂಗತಿಯನ್ನು ಮುಂದೆ ಉಕ್ಕಿನ ಗಾಲಿಯಲ್ಲಿಯೂ ಹಿಮವಾಹನದಲ್ಲಿಯೂ ನಾವು ಕಾಣಲಿದ್ದೇವೆ. ದಾಂಡೇಲಿಯ ಅರಣ್ಯದಲ್ಲಿ ಸಾಗುವಾನಿಯ ದಿಮ್ಮಿಗಳನ್ನು ಆನೆಗಳು ಎಳೆದು ತರುತ್ತಿದ್ದ ಕಾಲವನ್ನು ಅಲ್ಲಿನ ವೃದ್ಧರು ಇಂದಿಗೂ ನೆನೆಯುತ್ತಾರೆ. ಆನೆಯ ಪಾದವೂ ಭಾರ ಬಿದ್ದಾಗ ಹಿಗ್ಗಿ, ಎತ್ತಿದಾಗ ಕುಗ್ಗುವಂತಹುದು. ಆದಕಾರಣವೇ ಅಷ್ಟು ಮಹತ್ತಾದ ದೇಹವು ಲಾರಿ ಕಾಲಿಡಲಾರದ ಒದ್ದೆ ಇಳಿಜಾರಿನಲ್ಲಿ ದಿಮ್ಮಿಯನ್ನು ಎಳೆಯಬಲ್ಲುದಾಗಿತ್ತು.

ನೆಲವು ಎಷ್ಟು ಹಿಡಿತವನ್ನು ಕೊಡಬಲ್ಲುದೆಂಬುದಕ್ಕೆ ಶಾಸ್ತ್ರೀಯವಾದ ಉತ್ತರವನ್ನು ಮೊದಲು ಸ್ಪಷ್ಟವಾಗಿ ಕೊಟ್ಟವನು ಫ್ರೆಂಚ್ ಸೈನ್ಯದ ಎಂಜಿನಿಯರನಾಗಿದ್ದ ಚಾರ್ಲ್ಸ್ ಕೂಲಂಬ್. ವಿದ್ಯುತ್ತಿನ ನಿಯಮದಿಂದ ನಮ್ಮ ಶಾಲೆಯ ಮಕ್ಕಳಿಗೂ ಪರಿಚಿತನಾದ ಈತನು, ಅದಕ್ಕೂ ಮುಂಚೆ, 1773ರಲ್ಲಿ, ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಮಂಡಿಸಿದ ಪ್ರಬಂಧದಲ್ಲಿ, ಮಣ್ಣು ಜಾರದೆ ನಿಲ್ಲುವ ಬಲಕ್ಕೆ ಎರಡು ಮೂಲಗಳುಂಟೆಂದು ನಿರೂಪಿಸಿದನು. ಒಂದು, ಕಣಕಣಗಳು ಪರಸ್ಪರ ಅಂಟಿಕೊಂಡಿರುವ ಅಂಟುಬಲ. ಮತ್ತೊಂದು, ಮೇಲಿನ ಭಾರದಿಂದ ಕಣಗಳು ಒಂದನ್ನೊಂದು ಒತ್ತಿ ಉಜ್ಜುವುದರಿಂದ ಹುಟ್ಟುವ ಘರ್ಷಣಬಲ. ಮೊದಲನೆಯದು ಗಾಲಿಯು ನೆಲವನ್ನು ಮುಟ್ಟುವ ವಿಸ್ತೀರ್ಣದೊಡನೆ ಹೆಚ್ಚುತ್ತದೆ, ಎರಡನೆಯದು ಭಾರದೊಡನೆ. ಜೋಯಿಡಾದ ಗೊರಚು ಗುಡ್ಡಗಳಲ್ಲಿ, ಕೆಂಪುಗಲ್ಲಿನ ನುರುಜು ತುಂಬಿದ ಏರುದಾರಿಗಳಲ್ಲಿ, ಅಂಟು ಕಡಿಮೆ, ಘರ್ಷಣವೇ ಪ್ರಧಾನ. ಅಲ್ಲಿ ಜೀಪಿನ ಹಿಂಬದಿಯಲ್ಲಿ ಭಾರ ಹೇರಿದರೆ ಹಿಡಿತ ನಿಶ್ಚಯವಾಗಿ ಹೆಚ್ಚುತ್ತದೆ. ಹಳಿಯಾಳ, ಮುಂಡಗೋಡಗಳ ತಗ್ಗಿನ ಗದ್ದೆಗಳಲ್ಲಿ ನೀರುಂಡ ಜೇಡಿಯಲ್ಲಿ ಘರ್ಷಣವು ಬಹುತೇಕ ನಷ್ಟವಾಗಿ ಅಂಟೊಂದೇ ಉಳಿದಿರುವುದರಿಂದ, ಭಾರ ಹೇರಿದರೆ ಹಿಡಿತ ಹೆಚ್ಚುವುದಿರಲಿ, ಗಾಲಿಯು ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಜೋಯಿಡಾದಲ್ಲಿ ಸರಿಯಾದ ಉಪದೇಶವು ಹಳಿಯಾಳದಲ್ಲಿ ತಪ್ಪಾಗುವುದು ಹೀಗೆ. ಟ್ರ್ಯಾಕ್ಟರಿನ ಹಿಂದಿನ ಟೈರುಗಳಿಗೆ ನೀರು ತುಂಬಿಸುವ, ಬೀಡುಕಬ್ಬಿಣದ ತೂಕದ ಬಿಲ್ಲೆಗಳನ್ನು ತಗುಲಿಸುವ ರೂಢಿಯು ಒಣನೆಲದ ನೇಗಿಲುಸಾಲಿಗೂ ಕಬ್ಬಿನ ಟ್ರೇಲರಿಗೂ ಹಿತವಾದುದು. ಅದೇ ಟ್ರ್ಯಾಕ್ಟರನ್ನು ನಾಟಿಗದ್ದೆಗೆ ಇಳಿಸುವಾಗ ಆ ನೀರನ್ನು ಹೊರಬಿಡದಿದ್ದರೆ ಗದ್ದೆಯೇ ಟ್ರ್ಯಾಕ್ಟರನ್ನು ನುಂಗುತ್ತದೆ.

ಇದೇ ಪ್ರಶ್ನೆಯನ್ನು ಶೀತದೇಶಗಳ ಜನ ಹಿಮದ ಮೇಲೆ ಎದುರಿಸಿದ ಬಗೆಯನ್ನು ಇಲ್ಲಿ ಹೇಳಲೇಬೇಕು. ಏಕೆಂದರೆ ಅದು ಹುಟ್ಟಿದುದೂ ದಾಂಡೇಲಿಯಂತಹ ಮರದ ಸೀಮೆಯಲ್ಲಿಯೇ. ಅಮೆರಿಕದ ಮೇನ್ ಪ್ರಾಂತದ ಆಲ್ವಿನ್ ಲೊಂಬಾರ್ಡ್ ಎಂಬವನು, ಹಿಮದ ದಾರಿಗಳಲ್ಲಿ ಮರದ ದಿಮ್ಮಿಗಳನ್ನು ಎಳೆಯಲೆಂದು, ಗಾಲಿಗೆ ಬದಲಾಗಿ ಉಕ್ಕಿನ ಪಟ್ಟಿ ಸುತ್ತುವ ಉಗಿಯಂತ್ರವೊಂದನ್ನು ನಿರ್ಮಿಸಿ 1901ರಲ್ಲಿ ಪೇಟೆಂಟ್ ಪಡೆದನು. ಮೂರು ವರ್ಷಗಳ ಬಳಿಕ, 1904ರಲ್ಲಿ, ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ನಗರದ ಬಳಿಯ ಜವುಗು ಹೊಲಗಳಲ್ಲಿ ಬೆಂಜಮಿನ್ ಹೋಲ್ಟ್ ತನ್ನ ಪಟ್ಟಿಯ ಟ್ರ್ಯಾಕ್ಟರನ್ನು ಪರೀಕ್ಷಿಸಿದನು. ಕೆನಡಾದ ಕ್ವಿಬೆಕ್ ಪ್ರಾಂತದ ವಾಲ್ಕೂರ್ ಎಂಬ ಊರಿನ ಜೋಸೆಫ್ ಆರ್ಮಂಡ್ ಬಂಬಾರ್ಡಿಯೇ ಮೋಟಾರು ದುರಸ್ತಿಯ ಅಂಗಡಿಯಿಟ್ಟಿದ್ದ ಯುವಕ. 1934ರ ಚಳಿಗಾಲದಲ್ಲಿ, ಹಿಮ ಬಿದ್ದು ದಾರಿಗಳೆಲ್ಲ ಮುಚ್ಚಿದ್ದಾಗ, ಅವನ ಎರಡು ವರ್ಷದ ಮಗು ಆಸ್ಪತ್ರೆಗೆ ಒಯ್ಯಲಾಗದೆ ತೀರಿಕೊಂಡಿತು. ಅದಕ್ಕೂ ಮುನ್ನವೇ ಹಿಮದ ಮೇಲೆ ಓಡುವ ಯಂತ್ರಗಳಲ್ಲಿ ತೊಡಗಿದ್ದ ಅವನು, ರಬ್ಬರು ಹೊದಿಸಿದ ಹಲ್ಲುಗಾಲಿಯಿಂದ ರಬ್ಬರಿನ ಪಟ್ಟಿಯನ್ನು ಸುತ್ತಿಸುವ ವಿಧಾನಕ್ಕೆ 1937ರಲ್ಲಿ ಪೇಟೆಂಟ್ ಪಡೆದನು. 1959ರಲ್ಲಿ ಇಂದಿನ ಹಿಮವಾಹನಗಳ ಮೂಲಮಾದರಿಯೆನ್ನಬಹುದಾದ ಸ್ಕಿ-ಡೂ ಮಾರುಕಟ್ಟೆಗೆ ಬಂದಿತು. ಈ ನಡುವೆ, ಕ್ವಿಬೆಕ್ಕಿನಲ್ಲಿ ರಸ್ತೆಗಳ ಹಿಮವನ್ನು ತೆಗೆಸುವ ಏರ್ಪಾಡು ವ್ಯಾಪಕವಾಗಿ ಅವನ ದೊಡ್ಡ ವಾಹನಗಳಿಗೆ ಬೇಡಿಕೆ ಕುಗ್ಗಿದಾಗ, ಅವನು ಕೈಹಾಕಿದುದು ಜವುಗು ನೆಲಗಳ ಮೇಲೆ ಓಡುವ ಪಟ್ಟಿಯ ಟ್ರ್ಯಾಕ್ಟರಿಗೆ ಹಾಗೂ ಒಕ್ಕಲಿಗರ ಟ್ರ್ಯಾಕ್ಟರುಗಳ ಗಾಲಿಗೆ ತೊಡಿಸುವ ಪಟ್ಟಿಗಳಿಗೆ. ಹಿಮದಲ್ಲಿ ಕಲಿತುದು ಕೆಸರಿಗೂ ಸಲ್ಲುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಹಿಮವಾಹನದ ಪಟ್ಟಿಯನ್ನು ತಿದ್ದುವವರ ಮುಂದಿರುವ ಲೆಕ್ಕಾಚಾರವನ್ನು ನಮ್ಮ ಗದ್ದೆಯ ಚಾಲಕನು ತಟಕ್ಕನೆ ಗ್ರಹಿಸಬಲ್ಲ. ಓಡಾಡಿ ಗಟ್ಟಿಯಾದ ಹಿಮದಾರಿಗೆ ಒಂದು, ಒಂದೂಕಾಲು ಅಂಗುಲದ ರಬ್ಬರುಹಲ್ಲುಗಳು ಸಾಕು. ಪರ್ವತದ ಆಳವಾದ ಸಡಿಲ ಹಿಮಕ್ಕೆ ಎರಡರಿಂದ ಮೂರು ಅಂಗುಲದ ಹಲ್ಲು ಬೇಕು. ಸಡಿಲ ಹಿಮದಲ್ಲಿ ಅಗಲವೂ ಉದ್ದವೂ ಆದ ಪಟ್ಟಿಯು ಮೊದಲು ಹಿಮವನ್ನು ಒತ್ತಿ ಗಟ್ಟಿಮಾಡಿ, ಅನಂತರ ತಾನೇ ಗಟ್ಟಿಮಾಡಿದ ಆ ನೆಲವನ್ನು ಹಲ್ಲಿನಿಂದ ಹಿಂದಕ್ಕೆ ತಳ್ಳಿ ಮುಂದೆ ಸಾಗುತ್ತದೆ. ಅವಸರದ ಸವಾರನು ಒಮ್ಮೆಲೇ ವೇಗ ಕೊಟ್ಟರೆ ಹಲ್ಲುಗಳು ಆ ನೆಲವನ್ನೇ ಕಡಿದು, ವಾಹನವು ತಾನು ತೋಡಿದ ಗುಂಡಿಯಲ್ಲಿ ಕುಳಿತುಬಿಡುತ್ತದೆ. ಮಂಜುಗಡ್ಡೆಯ ಮೇಲಾದರೆ ಎತ್ತರದ ರಬ್ಬರುಹಲ್ಲು ನಿರುಪಯೋಗಿ. ಅಲ್ಲಿ ಪಟ್ಟಿಗೆ ತೂತು ಕೊರೆದು, ಹಲ್ಲಿನ ಮಟ್ಟಕ್ಕಿಂತ ತುಸು ಮೇಲೆ ಚಾಚುವಂತೆ, ತುದಿಯಲ್ಲಿ ಕಾರ್ಬೈಡ್ ಇರುವ ಮೊಳೆಗಳನ್ನು ಬಿಗಿಯುತ್ತಾರೆ. ಅಲ್ಲಿಗೂ ಮುಗಿಯಲಿಲ್ಲ. ಹಿಂದಿನ ಪಟ್ಟಿಯ ಹಿಡಿತ ಹೆಚ್ಚಿದಾಗ ಮುಂದಿನ ಹಿಮಪಾದುಕೆಗಳ ಅಡಿಯ ಉಕ್ಕಿನ ಅಲಗನ್ನೂ ಹರಿತಗೊಳಿಸಬೇಕು. ಇಲ್ಲವಾದರೆ ತಿರುವಿನಲ್ಲಿ ವಾಹನವು ತಿರುಗದೆ ನೇರವಾಗಿ ನುಗ್ಗುತ್ತದೆ. ಸಿಯಾಚಿನ್ನಿನ ಹಿಮನದಿಯಲ್ಲಿ ನಮ್ಮ ಸೈನ್ಯವು ಹಿಮಸ್ಕೂಟರುಗಳನ್ನು ಬಳಸುತ್ತದೆ. ಧಾರವಾಡ ಜಿಲ್ಲೆಯ ಬೆಟದೂರಿನ ವೀರಯೋಧ ಹನುಮಂತಪ್ಪ ಕೊಪ್ಪದರು 2016ರ ಫೆಬ್ರವರಿಯಲ್ಲಿ ಅದೇ ಹಿಮದ ಅಡಿಯಿಂದ ಜೀವಂತವಾಗಿ ಹೊರಬಂದು, ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದಂದಿನಿಂದ ಹಿಮವೆಂಬುದು ಈ ಕಡೆಯ ಹಳ್ಳಿಗಳಿಗೆ ದೂರದ ವಸ್ತುವಾಗಿ ಉಳಿದಿಲ್ಲ.

ಇನ್ನು ನಮ್ಮ ಗದ್ದೆಗೆ ಬರೋಣ. ಹಳಿಯಾಳ, ಮುಂಡಗೋಡಗಳಲ್ಲಿ ಮಳೆಗೆ ಮುನ್ನವೇ ಒಣನೆಲದಲ್ಲಿ ಕೂರಿಗೆಯಿಂದ ಭತ್ತ ಬಿತ್ತುವ ಪದ್ಧತಿಯು ಪುರಾತನವಾದುದು. ಅಂತಹ ಹೊಲಕ್ಕೆ ಸಾಮಾನ್ಯ ಟೈರೇ ಸಾಕು. ಆದರೆ ನೀರು ನಿಲ್ಲುವ ತಗ್ಗಿನಲ್ಲಿ ನಾಟಿಯಾಗಬೇಕಾದರೆ ಮಣ್ಣನ್ನು ನೀರಿನೊಡನೆ ಕಲಸಿ ಕೆಸರು ಮಾಡಲೇಬೇಕು. ಟ್ರ್ಯಾಕ್ಟರಿನ ಟೈರಿಗೆ ಓರೆಯಾದ ಹಲ್ಲುಗಳಿರುವುದು ನಿಜವೇ. ಆದರೆ ಒದ್ದೆ ಜೇಡಿಯು ಆ ಹಲ್ಲುಗಳ ನಡುವೆ ತುಂಬಿ ಒತ್ತಿಕೊಂಡಾಗ ಟೈರು ನುಣ್ಣನೆಯ ಉರುಳೆಯಾಗಿ ಮಾರ್ಪಟ್ಟು, ಹಲ್ಲಿದ್ದೂ ಇಲ್ಲದಂತಾಗುತ್ತದೆ. ಭತ್ತಕ್ಕೂ ಕಬ್ಬಿಗೂ ಎಂದೇ ತಯಾರಾಗುವ ಟೈರುಗಳಲ್ಲಿ ಹಲ್ಲಿನ ಆಳ ಸುಮಾರು ಇಮ್ಮಡಿಯಿರುತ್ತದೆಯಾದರೂ ಅವು ದುಬಾರಿ. ರಸ್ತೆಯ ಮೇಲೆ ಬೇಗ ಸವೆಯುವುದೂ ಉಂಟು. ಆದುದರಿಂದ ಇಲ್ಲಿ ನೆಲೆಗೊಂಡಿರುವುದು ಕೇಜ್ ವೀಲ್ ಎಂದೇ ಎಲ್ಲರೂ ಕರೆಯುವ ಕಬ್ಬಿಣದ ಗಾಲಿ. ಎರಡು ಮೂರು ಉಕ್ಕಿನ ಬಳೆಗಳು, ಅವನ್ನು ಅಡ್ಡಡ್ಡಲಾಗಿ ಕೂಡಿಸುವ ಆ್ಯಂಗಲ್ ಪಟ್ಟಿಗಳು, ಗುಂಬಕ್ಕೆ ಸೇರಿಸುವ ಕಡ್ಡಿಗಳು: ಅದರ ಅಂಗಾಂಗಗಳು ಇಷ್ಟೇ. ಮೈಯೆಲ್ಲ ತೆರಪಾಗಿರುವುದೇ ಅದರ ಜೀವಾಳ. ಪಟ್ಟಿಯು ಕಚ್ಚಿದ ಕೆಸರು ಒಳಗಿಂದ ಉದುರಿಹೋಗಿ, ಮುಂದಿನ ಸುತ್ತಿನಲ್ಲಿ ಪಟ್ಟಿಯು ಮತ್ತೆ ಬರಿದಾಗಿ ನೆಲಕ್ಕಿಳಿಯುತ್ತದೆ. ಕೆಲವರು ಟೈರನ್ನೇ ಬಿಚ್ಚಿ ಪೂರ್ಣ ಕಬ್ಬಿಣದ ಗಾಲಿಯನ್ನು ತೊಡಿಸುತ್ತಾರೆ. ಹಲವರು ಟೈರಿನ ಹೊರಮಗ್ಗುಲಿಗೆ ಅರ್ಧ ಅಗಲದ ಗಾಲಿಯನ್ನು ಜೋಡಿಸುತ್ತಾರೆ.

ಮಿಸ್ತ್ರಿಯ ನಿಜವಾದ ಕೌಶಲವು ಆ ಪಟ್ಟಿಗಳ ಅಂತರದಲ್ಲಿಯೂ ಓರೆಯಲ್ಲಿಯೂ ಇದೆ. ಪಟ್ಟಿಗಳು ತೀರ ಒತ್ತಾದರೆ ನಡುವಣ ಜೇಡಿ ಉದುರದೆ ಕಟ್ಟಿಕೊಂಡು ಗಾಲಿಯು ಮತ್ತೆ ಉರುಳೆಯಾಗುತ್ತದೆ. ತೀರ ವಿರಳವಾದರೆ, ಒಂದು ಪಟ್ಟಿ ನೆಲ ಬಿಟ್ಟು ಇನ್ನೊಂದು ನೆಲ ಕಚ್ಚುವುದರೊಳಗೆ ಯಂತ್ರವೆಲ್ಲ ಕುಲುಕಿ, ಗೇರುಪೆಟ್ಟಿಗೆಯಿಂದ ಚಾಲಕನ ಬೆನ್ನೆಲುಬಿನವರೆಗೆ ಪೆಟ್ಟು ಬೀಳುತ್ತದೆ. ಪಟ್ಟಿಯನ್ನು ಅಚ್ಚಿಗೆ ನೇರವಾಗಿ ಸಮಾನಾಂತರವಾಗಿಟ್ಟರೆ ತಳ್ಳುವ ಬಲ ಅಧಿಕ, ಕುಲುಕಾಟವೂ ಅಧಿಕ. ಸ್ವಲ್ಪ ಓರೆಯಾಗಿಟ್ಟರೆ ಪಟ್ಟಿಯು ತುದಿಯಿಂದ ತುದಿಗೆ ಕ್ರಮವಾಗಿ ಇಳಿಯುವುದರಿಂದ ಓಟ ಮೃದುವಾಗುತ್ತದೆ. ಹೆಚ್ಚು ಕಚ್ಚಲೆಂದು ಪಟ್ಟಿಯನ್ನು ಎತ್ತರಿಸುವವರು ಮರೆಯಬಾರದ ಸಂಗತಿಯೊಂದುಂಟು: ಕೆಸರಿನ ಅಡಿಯಲ್ಲಿ, ವರ್ಷಾಂತರಗಳಿಂದ ಕಲಸಿ ತುಳಿದುದರ ಫಲವಾಗಿ ಉಂಟಾದ ಗಟ್ಟಿ ಪದರವೊಂದಿರುತ್ತದೆ. ನೀರನ್ನು ಇಂಗಗೊಡದೆ ಭತ್ತದ ಬುಡದಲ್ಲಿ ನಿಲ್ಲಿಸುವುದೂ, ಟ್ರ್ಯಾಕ್ಟರಿನ ಭಾರವನ್ನು ಹೊರುವುದೂ ಅದೇ ಪದರ. ಅತಿಯಾಗಿ ಎತ್ತರಿಸಿದ ಪಟ್ಟಿಗಳು ಅದನ್ನು ಸೀಳಿದರೆ ಅಂದಿನ ಹಿಡಿತವೇನೋ ಸಿಕ್ಕೀತು. ಮರುವರ್ಷ ಆ ಗದ್ದೆಯಲ್ಲಿ ನೀರೂ ನಿಲ್ಲದು, ಗಾಲಿಯೂ ನಿಲ್ಲದು.

ತಿದ್ದುಪಡಿಯು ಫಲಿಸಿತೇ ಎಂಬುದನ್ನು ಅಳೆಯಲು ಪ್ರಯೋಗಶಾಲೆಯೇನೂ ಬೇಡ. ಹಿಂದಿನ ಗಾಲಿಯ ಮೇಲೆ ಸುಣ್ಣದಿಂದ ಗುರುತು ಹಾಕಿ, ಗಟ್ಟಿ ನೆಲದಲ್ಲಿ ಬರಿಯ ಟ್ರ್ಯಾಕ್ಟರನ್ನು ಹತ್ತು ಸುತ್ತು ಓಡಿಸಿ ದೂರವನ್ನು ಅಳೆಯಬೇಕು; ಬಳಿಕ ಹೊಲದಲ್ಲಿ ಉಪಕರಣ ಎಳೆಯುವಾಗ ಅದೇ ಹತ್ತು ಸುತ್ತಿಗೆ ಸಾಗಿದ ದೂರವನ್ನು ಅಳೆಯಬೇಕು. ಮೊದಲಿನದು 40 ಮೀಟರು, ಎರಡನೆಯದು 34 ಮೀಟರು ಆದರೆ ಜಾರಿಕೆಯು ನೂರಕ್ಕೆ 15. ಗಟ್ಟಿ ಹೊಲದಲ್ಲಿ ನೂರಕ್ಕೆ ಎಂಟರಿಂದ ಹದಿನೈದರವರೆಗಿನ ಜಾರಿಕೆಯು ಅವಶ್ಯವೂ ಹಿತವೂ ಆದುದು; ಏಕೆಂದರೆ ಮಣ್ಣು ತುಸು ಜಾರಿ ಬಿಗಿಯುವವರೆಗೆ ತನ್ನ ಪೂರ್ಣಬಲವನ್ನು ಬಿಟ್ಟುಕೊಡುವುದಿಲ್ಲ. ಕೆಸರುಗದ್ದೆಯಲ್ಲಿ ಜಾರಿಕೆ ಇದಕ್ಕಿಂತ ಹೆಚ್ಚುವುದು ಸಹಜ. ಹಾಗಿದ್ದರೂ ಹಳೆಯ ಗಾಲಿಗೂ ಹೊಸ ಗಾಲಿಗೂ ಇರುವ ವ್ಯತ್ಯಾಸವು ಈ ಸರಳವಾದ ಅಳತೆಯಿಂದಲೇ ನಿಚ್ಚಳವಾಗುತ್ತದೆ. ಡೀಸೆಲ್ಲಿನ ಬೆಲೆಯ ವಿಷಯವಾಗಿ ಇಷ್ಟೊಂದು ಮಾತನಾಡುವ ನಾವು ಈ ಲೆಕ್ಕವನ್ನು ಹಳ್ಳಿಯ ಮಕ್ಕಳಿಗೆ ಕಲಿಸದಿರುವುದು ವಿಷಾದಕರ.

ಅಪಾಯದ ಮಾತನ್ನು ನಾನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಹೂತ ಟ್ರ್ಯಾಕ್ಟರನ್ನು ಎಬ್ಬಿಸಲು ಹಿಂದಿನ ಎರಡು ಗಾಲಿಗಳಿಗೂ ಅಡ್ಡಲಾಗಿ ಮರದ ತೊಲೆಯೊಂದನ್ನು ಸರಪಳಿಯಿಂದ ಬಿಗಿದು, ಗಾಲಿಯು ಆ ತೊಲೆಯನ್ನು ಮೆಟ್ಟಿ ಮೇಲೇರಲಿ ಎಂದು ವೇಗ ಕೊಡುವ ಉಪಾಯವು ಎಲ್ಲೆಡೆ ಪ್ರಚಲಿತವಾಗಿದೆ. ಕೆಲವೊಮ್ಮೆ ಅದು ಫಲಿಸುವುದೂ ನಿಜ. ಫಲಿಸದ ಒಂದು ಸಲ ಮಾತ್ರ ಪ್ರಾಣವನ್ನೇ ಒಯ್ಯುತ್ತದೆ. ಅಚ್ಚಿಗೆ ಎಂಜಿನ್ನು ಕೊಡುವ ತಿರುಚುಬಲವು ಗಾಲಿಯನ್ನು ಮುಂದಕ್ಕೆ ತಿರುಗಿಸಲು ಯತ್ನಿಸುವಷ್ಟೇ ಬಲದಿಂದ ಟ್ರ್ಯಾಕ್ಟರಿನ ಮೈಯನ್ನು ಅಚ್ಚಿನ ಸುತ್ತ ಹಿಂದಕ್ಕೆ ತಿರುಗಿಸಲು ಯತ್ನಿಸುತ್ತಿರುತ್ತದೆ. ತೊಲೆಯು ನೆಲಕ್ಕೆ ಸಿಕ್ಕಿ ಗಾಲಿ ತಿರುಗದಂತಾದ ಕ್ಷಣದಲ್ಲಿ, ತಿರುಗಲು ಉಳಿದಿರುವುದು ಮೈಯೊಂದೇ. ಮುಂಗಾಲಿ ಮೇಲೆದ್ದು ಟ್ರ್ಯಾಕ್ಟರು ಚಾಲಕನ ಮೇಲೆಯೇ ಮಗುಚಿಕೊಳ್ಳಲು ಒಂದೂವರೆ ಸೆಕೆಂಡಿಗಿಂತ ಹೆಚ್ಚು ಕಾಲ ಬೇಕಿಲ್ಲ. ಅಷ್ಟರಲ್ಲಿ ಕಾಲು ಕ್ಲಚ್ಚನ್ನು ತುಳಿಯಲಾರದು. ಕಬ್ಬಿಣದ ಗಾಲಿ ತೊಡಿಸಿದ ಟ್ರ್ಯಾಕ್ಟರಿನಿಂದ ಎತ್ತರದ ಬದುವನ್ನು ಮುಂಭಾಗದಿಂದ ಹತ್ತುವಾಗ ಒದಗುವುದೂ ಇದೇ ಗಂಡಾಂತರ. ಗಾಲಿಯ ಹಿಡಿತ ಹೆಚ್ಚಿದಷ್ಟೂ ಜಾರಿಕೆಯೆಂಬ ರಕ್ಷಣೆ ಕಡಿಮೆಯಾಗಿ ಮಗುಚುವ ಸಂಭವವೇ ಹೆಚ್ಚುತ್ತದೆ. ಬದುವನ್ನು ಹಿಮ್ಮುಖವಾಗಿ ಏರಬೇಕು. ಅದಕ್ಕೂ ಮೊದಲು ಬದುವನ್ನು ಕಡಿದು ಇಳಿಜಾರು ಮಾಡಿಕೊಂಡರೆ ಇನ್ನೂ ಕ್ಷೇಮ. ಹೂತ ಟ್ರ್ಯಾಕ್ಟರನ್ನು ಇನ್ನೊಂದು ಟ್ರ್ಯಾಕ್ಟರಿನಿಂದ ಎಳೆಯಿಸುವಾಗ ಸರಪಳಿಯನ್ನು ಎಳೆಯುವ ಟ್ರ್ಯಾಕ್ಟರಿನ ಕೆಳಗಿನ ಕೊಂಡಿಗೇ ತಗುಲಿಸಬೇಕು, ಅಚ್ಚಿಗಿಂತ ಮೇಲೆ ಎಂದಿಗೂ ತಗುಲಿಸಬಾರದು. ಒಂದೇ ಗಾಲಿ ಜಾರುತ್ತಿದ್ದರೆ ಡಿಫರೆನ್ಷಿಯಲ್ ಲಾಕನ್ನು ತುಳಿಯುವುದು, ಹೂಳುವ ಲಕ್ಷಣ ಕಂಡೊಡನೆ ಮುಂದೆ ನುಗ್ಗದೆ ಬಂದ ದಾರಿಯಲ್ಲಿಯೇ ಹಿಂದೆಗೆಯುವುದು, ಇವೆರಡರಿಂದಲೇ ಅರ್ಧ ಸಂಕಟ ಕಳೆಯುತ್ತದೆ. ಕಬ್ಬಿನ ಹಂಗಾಮಿನಲ್ಲಿ, ಹಸಿ ಹೊಲದಿಂದ ಎರಡೆರಡು ಟ್ರೇಲರು ಕಬ್ಬನ್ನು ಹಳಿಯಾಳದ ಕಾರ್ಖಾನೆಯ ದಾರಿಗೆ ತರುವಾಗ ಮೂತಿ ಮೇಲೇಳದಿರಲೆಂದು ಮುಂಭಾಗದಲ್ಲಿ ಹುಡುಗರನ್ನು ಕೂರಿಸುವವರನ್ನು ಕಂಡರೆ ಎದೆ ನಡುಗುತ್ತದೆ. ಮನುಷ್ಯನ ಮೈಯನ್ನು ತೂಕದ ಕಲ್ಲಾಗಿ ಬಳಸುವುದನ್ನು ಯಾವ ಬೆಳೆಯೂ ಸಮರ್ಥಿಸಲಾರದು. ಆ ಕೆಲಸಕ್ಕೆಂದೇ ಬೀಡುಕಬ್ಬಿಣದ ತೂಕಗಳು ಸಿಗುತ್ತವೆ.

ಮುಂಡಗೋಡದ ಟಿಬೆಟನ್ ವಸತಿಯ ಗದ್ದೆ ಹೊಲಗಳನ್ನು ನೋಡುವಾಗಲೆಲ್ಲ ನನಗೆ ಗೌರವವೆನಿಸುವುದುಂಟು. ಹಿಮದ ನಾಡಿನಿಂದ ನಿರಾಶ್ರಿತರಾಗಿ ಬಂದು, 1966ರಿಂದ ಇಲ್ಲಿ ಕಾಡು ಸವರಿ ನೆಲೆನಿಂತ ಆ ಜನರು, ಶುಷ್ಕವಾದ ಎತ್ತರದ ಪೀಠಭೂಮಿಯ ಕೃಷಿಯನ್ನು ಬಿಟ್ಟು, ಮಳೆಗೆ ಅಂಟಾಗುವ ಈ ಕೆಂಪು ಜೇಡಿಯಲ್ಲಿ ಮೆಕ್ಕೆಜೋಳವನ್ನೂ ಭತ್ತವನ್ನೂ ಬೆಳೆಯಲು ಹೊಸದಾಗಿ ಕಲಿಯಬೇಕಾಯಿತು. ಯಾವ ಮಣ್ಣನ್ನು ಯಾವ ಹದದಲ್ಲಿ ಗಾಲಿ ತುಳಿಯಬಹುದೆಂಬ ಜ್ಞಾನವನ್ನು ಯಾರೂ ಮೂಟೆ ಕಟ್ಟಿ ತರಲಾರರು. ಪ್ರತಿಯೊಂದು ಊರಿನಲ್ಲಿಯೂ ಅದನ್ನು ಹೊಸದಾಗಿಯೇ ಗಳಿಸಬೇಕು.

ಈಚಿನ ವರ್ಷಗಳಲ್ಲಿ ಹಿಂಗಾರಿನ ಅಕಾಲಿಕ ಮಳೆಯಿಂದ ಕೊಯ್ಲಿನ ಹೊತ್ತಿಗೂ ಗದ್ದೆ ಆರದಿರುವಾಗ, ಗಾಲಿಯ ಕಟಾವುಯಂತ್ರವು ಬದುವಿನಲ್ಲಿಯೇ ನಿಂತುಬಿಡುತ್ತದೆ. ರಬ್ಬರು ಪಟ್ಟಿಯ ಕಟಾವುಯಂತ್ರವು ಗದ್ದೆಗಿಳಿದು ಕೊಯ್ದುಕೊಂಡು ಬರುತ್ತದೆ. ಉಕ್ಕಿನ ತಂತಿಗಳನ್ನು ಒಳಗಿಟ್ಟು ಎರಕ ಹೊಯ್ದ, ಹೊರಮೈಗೆ ಹಲ್ಲುಗಳುಳ್ಳ ಆ ಪಟ್ಟಿಯು ಬಂಬಾರ್ಡಿಯೇಯ ಪಟ್ಟಿಯ ಸಮೀಪಬಂಧುವೇ ಸರಿ. ಅದರ ಗುಣವೂ ದೋಷವೂ ಹಾಗೆಯೇ: ಭಾರವನ್ನು ಹರಡುತ್ತದೆ, ಜೇಡಿಯಲ್ಲಿ ತೇಲುತ್ತದೆ, ಆದರೆ ನಿಂತಲ್ಲಿಯೇ ಗಿರಕ್ಕನೆ ತಿರುಗಿಸಿದರೆ ಗದ್ದೆಯ ಮೇಲ್ಮಣ್ಣನ್ನು ಉಳುವಂತೆ ಕಿತ್ತುಹಾಕುತ್ತದೆ, ಕಲ್ಲುದಾರಿಯಲ್ಲಿ ಓಡಿಸಿದರೆ ಹಲ್ಲುಗಳು ಹರಿದುಹೋಗುತ್ತವೆ. ಹೀಗಾಗಿ ಅದರ ಒಡೆಯರು ಊರಿಂದೂರಿಗೆ ಅದನ್ನು ಲಾರಿಯ ಮೇಲೆಯೇ ಸಾಗಿಸುತ್ತಾರೆ.

ಆ ಎಚ್ಚರವು ಕೇಜ್ ವೀಲಿನ ವಿಷಯದಲ್ಲಿ ಇನ್ನೂ ಬಂದಿಲ್ಲ. ಗದ್ದೆಯಿಂದ ಗದ್ದೆಗೆ ಹೋಗುವ ಅವಸರದಲ್ಲಿ ಕಬ್ಬಿಣದ ಗಾಲಿಯನ್ನು ಬಿಚ್ಚದೆ ಡಾಂಬರು ರಸ್ತೆಯ ಮೇಲೆಯೇ ಓಡಿಸುವುದರಿಂದ, ಪ್ರತಿಯೊಂದು ಪಟ್ಟಿಯ ಅಂಚೂ ಡಾಂಬರನ್ನು ಕಡಿದು, ಆ ಗಾಯದೊಳಗೆ ಮಳೆಯ ನೀರಿಳಿದು, ಒಂದೇ ಮಳೆಗಾಲದಲ್ಲಿ ರಸ್ತೆಯು ಗುಂಡಿಗಳ ಸಾಲಾಗುತ್ತದೆ. ಅನೇಕ ಜಿಲ್ಲೆಗಳಲ್ಲಿ ಆಡಳಿತವು ಇದರ ವಿರುದ್ಧ ಎಚ್ಚರಿಕೆ ನೀಡುವುದೂ ದಂಡ ವಿಧಿಸುವುದೂ ಉಂಟು. ಗಾಲಿಯನ್ನು ಬಿಚ್ಚಿ ಮತ್ತೆ ಬಿಗಿಯುವುದು ಇಬ್ಬರು ಆಳುಗಳ ಭಾರದ ಕೆಲಸ. ಬಾಡಿಗೆಯ ಟ್ರ್ಯಾಕ್ಟರಿಗೆ ಹೊತ್ತೇ ಹಣ. ದಂಡದಿಂದ ಈ ಕಷ್ಟವು ಕರಗಲಾರದು. ಹಾರೆ, ಜಾಕು, ಎರಡು ಜೊತೆ ಕೇಜ್ ವೀಲುಗಳನ್ನು ಊರಿನ ಸಹಕಾರಿ ಸಂಘವೇ ಬಯಲಿನ ಅಂಚಿನ ಒಂದು ಚಪ್ಪರದಲ್ಲಿ ಇಟ್ಟು ಬಾಡಿಗೆಗೆ ಕೊಟ್ಟರೆ, ಟ್ರ್ಯಾಕ್ಟರು ಟೈರಿನ ಮೇಲೆ ಬಂದು, ಕಬ್ಬಿಣದ ಮೇಲೆ ದುಡಿದು, ಮತ್ತೆ ಟೈರಿನ ಮೇಲೆಯೇ ಹೋಗಬಹುದು. ಆ ಊರಿನ ಜೇಡಿಗೆ ಒಪ್ಪುವ ಅಂತರದಲ್ಲಿ, ಒಪ್ಪುವ ಎತ್ತರದಲ್ಲಿ ಪಟ್ಟಿ ಕೂರಿಸಿದ ಗಾಲಿಯು ಆ ಊರಿನಲ್ಲಿಯೇ ಉಳಿಯುವುದರಿಂದ, ಒಂದೊಂದು ಬಯಲಿಗೂ ಅದರದೇ ಆದ ಗಾಲಿ ದೊರೆತಂತಾಗುತ್ತದೆ.